ಬ್ರಿಕೆಟ್: ಹೊಲದ ಕಸ ಉರುವಲಾಗುವ ಲೆಕ್ಕ

ಶೇಂಗಾ ಸಿಪ್ಪೆ, ಕಾಫಿ ಹೊಟ್ಟು, ಮರದ ಪುಡಿ, ತೊಗರಿ ಕಟ್ಟಿಗೆ. ಇಂಥವನ್ನು ಪುಡಿ ಮಾಡಿ, ಯಂತ್ರದಲ್ಲಿ ಒತ್ತಿ ತೆಗೆದ ಗಟ್ಟಿ ಉರುವಲಿನ ತುಂಡೇ ಬ್ರಿಕೆಟ್. ವ್ಯಾಪಾರದವರು ಇದನ್ನು ವೈಟ್ ಕೋಲ್ ಅಂತಲೂ ಕರೆಯುತ್ತಾರೆ. ಬಾಯ್ಲರ್ ಇರುವ ಕಾರ್ಖಾನೆಗಳು, ಇಟ್ಟಿಗೆ ಗೂಡಿನವರು ಕಲ್ಲಿದ್ದಲು, ಸೌದೆಗೆ ಬದಲಾಗಿ ಕೊಳ್ಳುತ್ತಾರೆ.

ಇದಕ್ಕೆ ಅಂಟು ಬೇಕಿಲ್ಲ. ಒತ್ತಡ ಮತ್ತು ತಿಕ್ಕಾಟದ ಬಿಸಿಗೆ ಸಿಪ್ಪೆಯೊಳಗೆ ಸಹಜವಾಗೇ ಇರುವ ಅಂಟಿನಂಥ ವಸ್ತು ಲಿಗ್ನಿನ್ ಮೆತ್ತಗಾಗಿ, ಆರಿದಾಗ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಯಂತ್ರದ ಡೈ, ಅಂದರೆ ಅಚ್ಚಿನ ಬಾಯಿಂದ ಆವಿಯಾಡುವ ಉದ್ದನೆಯ ಕೊರಡು ಹೊರಬರುತ್ತದೆ. ಕಬ್ಬಿಣದ ಹಳಿ ಮೇಲೆ ಜಾರುತ್ತಾ ಆರಿ, ತುಂಡು ತುಂಡಾಗಿ ಬೀಳುತ್ತದೆ.

ಕಸ ಸುಮ್ನೆ ಸಿಗುತ್ತೆ, ಮಾರಿದ್ದೆಲ್ಲ ಲಾಭ ಅಲ್ವಾ? ಇಲ್ಲ. ಇಲ್ಲಿ ಲಾಭ ನಷ್ಟ ನಿಂತಿರುವುದು ಸಾಗಣೆ ಮೇಲೆ. ಶೇಂಗಾ ಸಿಪ್ಪೆ ಒಂದು ಘನ ಮೀಟರ್‌ಗೆ ಸುಮಾರು 100 ಕೆಜಿ ತೂಗುತ್ತದೆ, ಅಷ್ಟೇ. 20 ಘನ ಮೀಟರ್ ಹಿಡಿಯುವ ಲಾರಿ ತುಂಬಿದರೂ ಬರುವುದು 2 ಟನ್. ಅಷ್ಟೇ ಜಾಗದಲ್ಲಿ ಬ್ರಿಕೆಟ್ ತುಂಬಿದರೆ 10 ಟನ್ ದಾಟುತ್ತದೆ. ಹಾಗಾಗಿ ಘಟಕ ಇರಬೇಕಾದ್ದು ಸಿಪ್ಪೆ ಬೀಳುವ ಕಡೆ, ಗಿರಾಕಿ ಇರುವ ಕಡೆ ಅಲ್ಲ. ಚಳ್ಳಕೆರೆಯಂಥ ಶೇಂಗಾ ಮಿಲ್ಲುಗಳ ಊರಿಗೆ ಈ ಅನುಕೂಲ ಇದೆ. ಕಾಯಿಯ ತೂಕದಲ್ಲಿ ಸುಮಾರು ಕಾಲು ಭಾಗ ಸಿಪ್ಪೆಯೇ. ಅದೂ ಒಂದೇ ಕಡೆ ರಾಶಿ ಬಿದ್ದಿರುತ್ತದೆ.

ಆಮೇಲೆ ತೇವ. ನೂರಕ್ಕೆ 25ರಷ್ಟು ತೇವ ಇರುವ 1 ಟನ್ ಮಾಲು ಕೊಂಡರೆ, ಅದರಲ್ಲಿ 250 ಕೆಜಿ ನೀರು. ತೇವವನ್ನು ನೂರಕ್ಕೆ 10ಕ್ಕೆ ಇಳಿಸಿದಾಗ ಕೈಗೆ ಉಳಿಯುವುದು ಸುಮಾರು 833 ಕೆಜಿ. ದುಡ್ಡು ಕೊಟ್ಟಿದ್ದು ಮಾತ್ರ ಪೂರ್ತಿ ಟನ್ನಿಗೆ! ಒಣಗಿಸದೆ ಹಾಕಿದರೆ ಆವಿ ಕಟ್ಟಿ ಕೊರಡು ಸಿಡಿಯುತ್ತದೆ. ಮಾಲು ಬರುವುದು ಸುಗ್ಗಿಯಲ್ಲಿ, ಯಂತ್ರ ಓಡಬೇಕಾದ್ದು ವರ್ಷವಿಡೀ. ಮಳೆಗೆ ನೆನೆಯದಂಥ ದೊಡ್ಡ ಶೆಡ್ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಭತ್ತದ ಹೊಟ್ಟು ಧಾರಾಳವಾಗಿ ಸಿಗುತ್ತದೆ, ನಿಜ. ಆದರೆ ಸುಟ್ಟರೆ ಐದನೇ ಒಂದು ಪಾಲು ಬೂದಿ. ಹೊಟ್ಟಿನಲ್ಲಿರುವ ಸಿಲಿಕಾ, ಅಂದರೆ ಮರಳಿನಂಥ ಗಟ್ಟಿ ವಸ್ತು, ಡೈಯನ್ನು ಬೇಗ ಸವೆಸುತ್ತದೆ.

2021ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ನೂರಕ್ಕೆ 5ರಷ್ಟು ಕೃಷಿ ಉರುವಲು ಬೆರೆಸಲು ಹೇಳಿತು. ಅವು ಹೆಚ್ಚಾಗಿ ಪೆಲೆಟ್, ಅಂದರೆ ಹೀಗೆಯೇ ಒತ್ತಿ ತೆಗೆದ ಸಣ್ಣ ಗುಳಿಗೆ ಬಳಸುತ್ತವೆ. ಅಂದರೆ ಇದೇ ಕಚ್ಚಾ ಮಾಲಿಗೆ ಇನ್ನೊಬ್ಬ ಗಿರಾಕಿ.

ರಾಗಿ ಹುಲ್ಲು, ಜೋಳದ ಕಣಿಕೆಯನ್ನು ಇದಕ್ಕೆ ಎಳೆಯಬಾರದು, ಅದು ದನದ ಮೇವು. ಹೊಲದಲ್ಲೇ ಸುಟ್ಟುಹಾಕುವ ತೊಗರಿ, ಹತ್ತಿ ಕಟ್ಟಿಗೆ ಬೇರೆ ಮಾತು. ಪುಡಿ ಮಾಡುವ ಯಂತ್ರ ಹೊಲದ ಬದುವಿಗೇ ಬಂದರೆ ಸಾಗಣೆ ಖರ್ಚು ಇಳಿಯುತ್ತದೆ. ಆಗ ರೈತರೂ ಟನ್ನಿಗೆ ಇಷ್ಟು ಅಂತ ದರ ಕೇಳಬಹುದು.