ಹಸಿವನ್ನು ಗೆರೆ ಎಳೆದು ಅಳೆಯುವುದೇಕೆ, ರಕ್ತಪರೀಕ್ಷೆ ಸಾಲದೇ?

ಪ್ರಶ್ನೆ: ‘ಈ ತಿಂಡಿ ತಿಂದವರಿಗೆ ಹಸಿವು ಕಡಿಮೆಯಾಯಿತು’ ಎಂದು ಸಂಶೋಧಕರು ಬರೆಯುತ್ತಾರೆ. ಹಸಿವು ಅವರವರ ಹೊಟ್ಟೆಗೆ ಮಾತ್ರ ಗೊತ್ತು. ಅದನ್ನು ಅಳೆಯುವುದು ಹೇಗೆ? ಹಾರ್ಮೋನಿನ ರಕ್ತಪರೀಕ್ಷೆ ಮಾಡಿದರೆ ನಿಜ ತಿಳಿಯುವುದಿಲ್ಲವೇ?

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಮೊದಲ ಭಾಗದ ಉತ್ತರ ಚಿಕ್ಕದು. ಎರಡನೆಯ ಭಾಗದಲ್ಲಿ ಒಂದು ತಪ್ಪು ನಂಬಿಕೆ ಕುಳಿತಿದೆ. ಎಷ್ಟು ಕಿತ್ತರೂ ಅದು ಗರಿಕೆಯಂತೆ ಮತ್ತೆ ಚಿಗುರುತ್ತದೆ.

ಅಳೆಯುವ ಸಾಧನ ಒಂದು ಹಾಳೆ. ಅದರ ಮೇಲೆ ಸರಿಯಾಗಿ 100 ಮಿಲಿಮೀಟರ್ ಉದ್ದದ ಅಡ್ಡಗೆರೆ. ಎಡತುದಿಯಲ್ಲಿ ‘ಸ್ವಲ್ಪವೂ ಹಸಿವಿಲ್ಲ’, ಬಲತುದಿಯಲ್ಲಿ ‘ಇಷ್ಟು ಹಸಿವು ಎಂದೂ ಆಗಿರಲಿಲ್ಲ’. ನಡುವೆ ಅಂಕಿಗಳಿಲ್ಲ. ನೀವು ಪೆನ್ನಿನಿಂದ ಒಂದು ಗೀಟು ಹಾಕುತ್ತೀರಿ, ನಾವು ಎಡತುದಿಯಿಂದ ಸ್ಕೇಲು ಇಟ್ಟು ಅಳೆಯುತ್ತೇವೆ. ಹೊಟ್ಟೆ ಎಷ್ಟು ತುಂಬಿದೆ, ಇನ್ನೆಷ್ಟು ತಿನ್ನಬಲ್ಲಿರಿ ಎಂಬುದಕ್ಕೆ ಬೇರೆ ಗೆರೆಗಳಿವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿಯಾದ ಮೇಲೆ ಅರ್ಧ ಗಂಟೆಗೊಮ್ಮೆ, ಪ್ರತಿ ಸಲವೂ ಹೊಸ ಹಾಳೆ. ಹಿಂದಿನ ಗೀಟು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅದರ ಬಳಿಗೇ ಹೋಗುತ್ತದೆ. ಹಾಳೆಯನ್ನು ಜೆರಾಕ್ಸ್ ಮಾಡಿಸಿದರೆ ಗೆರೆಯನ್ನು ಮತ್ತೆ ಅಳೆದು ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. ಯಂತ್ರ ಅದನ್ನು ಒಂದೆರಡು ಮಿಲಿಮೀಟರ್ ಹಿಗ್ಗಿಸಿಬಿಟ್ಟಿರುತ್ತದೆ.

ನಿಮ್ಮ 63 ಮತ್ತು ಪಕ್ಕದವರ 63 ಒಂದೇ ಹಸಿವೇ? ಅಲ್ಲ. ಆದ್ದರಿಂದಲೇ ಒಬ್ಬರೇ ಒಂದು ದಿನ ಇಡ್ಲಿ, ಇನ್ನೊಂದು ದಿನ ಉಪ್ಪಿಟ್ಟು ತಿಂದು ಗೀಟು ಹಾಕುತ್ತಾರೆ, ಹೋಲಿಕೆ ಅವರ ಎರಡು ದಿನಗಳ ನಡುವೆ. ಡೆನ್ಮಾರ್ಕಿನ ಸಂಶೋಧಕರು 55 ಯುವಕರ ಮೇಲೆ ಈ ಗೆರೆಯನ್ನೇ ಪರೀಕ್ಷೆಗೆ ಒಡ್ಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಹೀಗೆ ಅವರವರನ್ನು ಅವರವರೊಂದಿಗೇ ಹೋಲಿಸಿದರೆ, ಊಟದ ನಂತರದ ನಾಲ್ಕೂವರೆ ಗಂಟೆಗಳ ಸರಾಸರಿಯಲ್ಲಿ 5 ಮಿಲಿಮೀಟರ್ ವ್ಯತ್ಯಾಸವನ್ನು ಹಿಡಿಯಲು 18 ಜನ ಸಾಕು ಎಂಬುದು ಅವರ ಲೆಕ್ಕ.

ಈಗ ರಕ್ತದ ವಿಷಯ. ‘ಗೀಟು ಬರಿಯ ಅನಿಸಿಕೆ, ಹಾರ್ಮೋನು ಮಾತ್ರ ಸತ್ಯ’ ಎನ್ನುವವರ ಮನಸ್ಸಿನಲ್ಲಿರುವುದು ಗ್ರೆಲಿನ್. ಜಪಾನಿನ ಕೊಜಿಮಾ ಮತ್ತು ಕಂಗಾವಾ ತಂಡ 1999ರಲ್ಲಿ ಅದನ್ನು ಕಂಡುಹಿಡಿಯಿತು. ಮುಖ್ಯವಾಗಿ ಜಠರದಲ್ಲಿ ಹುಟ್ಟುತ್ತದೆ, ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ‘ಹಸಿವಿನ ಹಾರ್ಮೋನು’ ಎಂಬ ಹೆಸರು ಅಂಟಿಕೊಂಡಿತು, ತೊಂದರೆಯೂ ಅಲ್ಲಿಂದಲೇ ಶುರುವಾಯಿತು. ಗ್ರೆಲಿನ್ ಹಸಿವೇ ಆಗಿದ್ದರೆ ಸ್ಥೂಲಕಾಯದವರ ರಕ್ತದಲ್ಲಿ ಅದು ಹೆಚ್ಚಿರಬೇಕು ಎಂದು ಅನೇಕರು ಊಹಿಸುತ್ತಾರೆ. 2001ರಲ್ಲಿ ಅಳೆದಾಗ ಕಂಡದ್ದು ಕಡಿಮೆ! ಪ್ರೇಡರ್-ವಿಲ್ಲಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಯವರಿಗೆ ಎಷ್ಟು ತಿಂದರೂ ಹಸಿವು ತೀರುವುದಿಲ್ಲ. ಅವರಲ್ಲಿ ಗ್ರೆಲಿನ್ ನಿಜಕ್ಕೂ ಹೆಚ್ಚು. ಸರಿ, ಹಾಗಾದರೆ ಇಳಿಸಿ ನೋಡೋಣ ಎಂದು ರಕ್ತನಾಳದ ಮೂಲಕ ಔಷಧ ಕೊಟ್ಟು ನೋಡಿದರು. ಗ್ರೆಲಿನ್ ಇಳಿಯಿತು, ಹಸಿವು ಇಳಿಯಲಿಲ್ಲ. ಆ ವರದಿ 2004ರದು.

ಇದೇ ತಪ್ಪು ಹಿಂದೆಯೂ ಆಗಿತ್ತು. 1912ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಕ್ಯಾನನ್ ಅವರ ಜೊತೆಗಾರ ವಾಶ್‌ಬರ್ನ್ ಒಂದು ಬಲೂನನ್ನು ನುಂಗಿ, ತಮ್ಮ ಹೊಟ್ಟೆ ಹಿಂಡಿದಂತಾಗುವುದೂ ಜಠರ ಸಂಕುಚಿಸುವುದೂ ಒಟ್ಟಿಗೇ ಆಗುತ್ತವೆ ಎಂದು ತೋರಿಸಿದರು. ಹಸಿವೆಂದರೆ ಜಠರದ ಸಂಕೋಚನವೇ ಎಂದು ಬಹಳ ಮಂದಿ ನಂಬಿದರು. ಆಮೇಲೆ, 1931ರ ಹೊತ್ತಿಗೆ, ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ಕಳೆದುಕೊಂಡವರಿಗೂ ಹಸಿವಾಗುತ್ತದೆ ಎಂಬುದು ದಾಖಲಾಯಿತು.

ಇನ್ನೂ ಒಂದು ಮಾತಿದೆ, ಇದನ್ನು ಮಾತ್ರ ದಯವಿಟ್ಟು ನೆನಪಿಡಿ. ಗ್ರೆಲಿನ್‌ಗೂ ಮನುಷ್ಯರ ಹಸಿವಿಗೂ ನಂಟಿದೆ ಎಂದು ನಮಗೆ ಗೊತ್ತಾದದ್ದು ಹೇಗೆ? 2001ರಲ್ಲಿ ಲಂಡನ್ನಿನಲ್ಲಿ ಒಂಬತ್ತು ಆರೋಗ್ಯವಂತರ ರಕ್ತಕ್ಕೆ ಅದನ್ನು ಹರಿಸಿದರು. ಅವರು ಶೇ 28ರಷ್ಟು ಹೆಚ್ಚು ಉಂಡರು, ಹಾಳೆಯ ಗೆರೆಯ ಮೇಲೂ ಅವರ ಹಸಿವಿನ ಗೀಟು ಬಲಕ್ಕೆ ಸರಿಯಿತು. ಆ ಗೀಟು ಸುಳ್ಳಾದರೆ ರಕ್ತದಲ್ಲಿ ಏರಿಳಿಯುವ ಆ ವಸ್ತುವನ್ನು ಹಸಿವಿನದು ಎಂದು ಕರೆಯಲು ನಮಗೆ ಆಧಾರ ಎಲ್ಲಿದೆ? ಹಸಿವು ಒಂದು ಅನುಭವ. ಅದಕ್ಕೆ ಮೊದಲ ಸಾಕ್ಷಿ ಹಸಿದವರೇ. ರಕ್ತಪರೀಕ್ಷೆಗೆ ಅರ್ಥ ಬರುವುದು ಅವರ ಮಾತಿನ ಪಕ್ಕದಲ್ಲಿಟ್ಟಾಗ.

ಗೀಟು ಹಾಕಿದಷ್ಟೇ ತಿನ್ನುತ್ತಾರೆಯೇ? ಯಾವಾಗಲೂ ಇಲ್ಲ. ಆದ್ದರಿಂದ ಒಳ್ಳೆಯ ಪ್ರಯೋಗಗಳಲ್ಲಿ ಕೊನೆಗೆ ‘ಬೇಕಾದಷ್ಟು ಉಣ್ಣಿ’ ಎಂದು ಊಟವಿಟ್ಟು, ಉಳಿದದ್ದನ್ನು ತೂಕ ಮಾಡುತ್ತಾರೆ.

ನೀವು ಕೇಳದ ಒಂದು ವಿಷಯಕ್ಕೂ ಬರುತ್ತೇನೆ, ನನಗೆ ಅದು ಮುಖ್ಯ. ಈ ಹಾಳೆಯನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು? ನಮ್ಮಲ್ಲಿ ‘ಹೊಟ್ಟೆ ತುಂಬಿತು’ ಬೇರೆ, ‘ಹೊಟ್ಟೆ ಭಾರವಾಗಿದೆ’ ಬೇರೆ. ‘ಮುದ್ದೆ ಹೊಟ್ಟೆಯಲ್ಲಿ ನಿಲ್ಲುತ್ತದೆ’ ಎಂದರೆ ಅದು ಉಂಡ ಕ್ಷಣದ ಮಾತಲ್ಲ, ಮಧ್ಯಾಹ್ನದವರೆಗಿನ ಮಾತು. ಇವನ್ನೆಲ್ಲ ಒಂದೇ ಗೆರೆಯಲ್ಲಿ ತುರುಕಿದರೆ ಉತ್ತರ ಕಲಸುಮೇಲೋಗರವಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ನಮ್ಮ ದಾಕ್ಷಿಣ್ಯ. ಒಮ್ಮೆ ನನ್ನ ವಿದ್ಯಾರ್ಥಿನಿ ಹಿರಿಯ ಹೆಂಗಸೊಬ್ಬರಿಗೆ ಉಪ್ಪಿಟ್ಟು ಬಡಿಸಿ, ತಾನೇ ಹಾಳೆಯನ್ನೂ ಕೊಟ್ಟಳು. ‘ಹೊಟ್ಟೆ ಎಷ್ಟು ತುಂಬಿದೆ’ ಎಂಬುದಕ್ಕೆ ಆ ಹಿರಿಯರು ಬಲತುದಿಯನ್ನು ಮುಟ್ಟುವಂತೆ ಗೀಟೆಳೆದರು. ಅರ್ಧ ಗಂಟೆಯ ನಂತರ ಬೇರೆ ಹುಡುಗಿ ಹಾಳೆ ಕೊಟ್ಟಾಗ ಗೀಟು ನಡುವಿಗಿಂತ ಎಡಕ್ಕಿತ್ತು. ಅರ್ಧ ಗಂಟೆಯಲ್ಲಿ ಅಷ್ಟು ಉಪ್ಪಿಟ್ಟು ಕರಗುವುದಿಲ್ಲ. ಕೇಳಿದೆ. ‘ಕೈಯಾರೆ ಬಡಿಸಿದ ಮಗುವಿನ ಎದುರು ಹೊಟ್ಟೆ ತುಂಬಲಿಲ್ಲ ಎನ್ನುವುದು ಹೇಗಮ್ಮ?’ ಎಂದರು.

ಅಂದಿನಿಂದ ನಮ್ಮಲ್ಲಿ ಬಡಿಸುವವರು ಹಾಳೆ ಕೊಡುವುದಿಲ್ಲ.