ಬಾಡಿಗೆ ಖರ್ಚು ಕಮ್ಮಿ ಅಲ್ವಾ?

2014ರಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ವಕೀಲಿ ಆಫೀಸಿಗೆ ಎರಡು ಮನೆಯವರು ಬಂದಿದ್ದರು. ಇಬ್ಬರೂ ನಮ್ಮ ಕರಾವಳಿ ಕಡೆಯವರೇ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಮೊದಲು ಬಂದದ್ದು ಒಬ್ಬ ತಂದೆ. ಮಗ ಇನ್ನೊಬ್ಬ ಹುಡುಗನ ಜೊತೆಗಿದ್ದಾನೆ. "ಪೊಲೀಸರು ಹಿಡೀತಾರಾ ವಕೀಲರೇ?" ಎಂದರು. ಚಹಾ ಮುಟ್ಟಲಿಲ್ಲ. ಭಯಕ್ಕೆ ಕಾರಣವಿತ್ತು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ, 2009ರಲ್ಲಿ ದೆಹಲಿ ಹೈಕೋರ್ಟ್ ಮೊಟಕು ಮಾಡಿದ್ದ 377ನೇ ಕಲಮಿಗೆ ಸುಪ್ರೀಂ ಕೋರ್ಟ್ 2013ರ ಡಿಸೆಂಬರ್‌ನಲ್ಲಿ ಮತ್ತೆ ಜೀವ ಕೊಟ್ಟಿತ್ತು.

ಇನ್ನೊಬ್ಬರು ಫ್ಲಾಟಿನ ಕಾಗದ ತೋರಿಸಲು ಬಂದ ಅಮ್ಮ. ಮಗಳು ಆರು ವರ್ಷದಿಂದ ಅಂಧೇರಿಯಲ್ಲಿ ಗೆಳತಿಯ ಜೊತೆ ಇದ್ದಳು. "ಇಬ್ರೂ ಒಂದೇ ರೂಮಲ್ಲಿದ್ರೆ ಬಾಡಿಗೆ ಖರ್ಚು ಕಮ್ಮಿ ಅಲ್ವಾ?" ಎಂದು ನಕ್ಕರು.

ಕಾನೂನೂ ಹೆಚ್ಚುಕಡಿಮೆ ಹೀಗೇ ನೋಡಿತ್ತು. 1860ರ ದಂಡಸಂಹಿತೆಯ 377ರಲ್ಲಿ 'ಪ್ರಕೃತಿ ವಿರುದ್ಧ' ಎಂಬ ಮಾತಿತ್ತು. ಅಪರಾಧ ಎನ್ನಿಸಿಕೊಳ್ಳಲು ಅಂಗಪ್ರವೇಶ ಆಗಿರಬೇಕಿತ್ತು. ಅಲ್ಲಿಗೆ ಹೆಂಗಸರ ಸಂಬಂಧ ಬಹುಮಟ್ಟಿಗೆ ಲೆಕ್ಕಕ್ಕೇ ಬರಲಿಲ್ಲ. ಇಂಗ್ಲೆಂಡಿನಲ್ಲಿ 1861ರವರೆಗೆ ಈ ತಪ್ಪಿಗೆ ಗಂಡಸರಿಗೆ ಮರಣದಂಡನೆಯಿತ್ತು. 1885ರ ಕಾನೂನೂ ಗಂಡಸರನ್ನೇ ಹೆಸರಿಸಿತು. 1921ರಲ್ಲಿ ಹೆಂಗಸರನ್ನೂ ಸೇರಿಸೋಣ ಎಂದು ಅಲ್ಲಿನ ಕೆಳಮನೆ ಒಪ್ಪಿತು, ಲಾರ್ಡ್ಸ್ ಸಭೆ ತಳ್ಳಿಹಾಕಿತು. ಆಗಿನ ಲಾರ್ಡ್ ಚಾನ್ಸಲರ್ ಲಾರ್ಡ್ ಬರ್ಕನ್‌ಹೆಡ್ ಕೊಟ್ಟ ಕಾರಣ ಕೇಳಿ: ಸಾವಿರ ಹೆಂಗಸರಲ್ಲಿ 999 ಮಂದಿ ಇಂಥದ್ದರ ಸುದ್ದಿಯನ್ನೇ ಕೇಳಿಲ್ಲ. ಸುಮ್ನೆ ನಾವ್ಯಾಕೆ ಹೇಳಿಕೊಡುವುದು, ಅಲ್ವಾ?

ಮನುಸ್ಮೃತಿಯಲ್ಲಿ ತಕ್ಕಡಿ ಬೇರೆ ಕಡೆ ವಾಲುತ್ತದೆ. ಗಂಡಸು ಗಂಡಸಿನ ಜೊತೆ ಕೂಡಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನ. ಎತ್ತಿನ ಗಾಡಿಯಲ್ಲೋ, ನೀರಿನಲ್ಲೋ, ಹಗಲಲ್ಲೋ ಹೆಣ್ಣನ್ನು ಕೂಡಿದವನಿಗೂ ಅದೇ ಶ್ಲೋಕದಲ್ಲಿ ಅದೇ ಸ್ನಾನ! ಇನ್ನೊಂದೆಡೆ ಅದನ್ನು ಜಾತಿ ಕೆಡಿಸುವ ಪಾಪಗಳ ಪಟ್ಟಿಗೂ ಸೇರಿಸಿದ್ದಾರೆ, ನಿಜ. ಆದರೆ ಕನ್ಯೆಯೊಬ್ಬಳು ಇನ್ನೊಬ್ಬ ಕನ್ಯೆಯನ್ನು ಕೆಡಿಸಿದರೆ 200 ಪಣ ದಂಡ, ಎರಡರಷ್ಟು ಕನ್ಯಾಶುಲ್ಕ, ಹತ್ತು ಏಟು. ದೊಡ್ಡ ಹೆಂಗಸಾದರೆ ತಲೆ ಬೋಳಿಸುವುದು ಅಥವಾ ಎರಡು ಬೆರಳು ಕತ್ತರಿಸುವುದು, ಕತ್ತೆಯ ಮೇಲೆ ಮೆರವಣಿಗೆ. ಆ ಕನ್ಯಾಶುಲ್ಕ ನೋಡಿದರೆ ನನಗನ್ನಿಸುವುದು, ಅವರ ಚಿಂತೆ ಪ್ರೀತಿಯದ್ದಲ್ಲ, ಮದುವೆ ಮಾರುಕಟ್ಟೆಯದ್ದು.

ಎಂಟು ತಿಂಗಳ ಮೇಲೆ ಅದೇ ಅಮ್ಮ ಮತ್ತೆ ಬಂದರು. ಒಳ್ಳೆಯ ಸಂಬಂಧ ಬಂದಿತ್ತಂತೆ. ಮಗಳು ಒಲ್ಲೆ ಎಂದು, ಯಾಕೆ ಅಂತಲೂ ಬಿಡಿಸಿ ಹೇಳಿದ್ದಳಂತೆ. ಈ ಸಲ ನಗು ಇರಲಿಲ್ಲ. "ಆ ಹುಡುಗಿ ಮೇಲೆ ಕಿಡ್ನಾಪ್ ಕೇಸ್ ಹಾಕಬಹುದಾ?"

ನಾನು ಮಗಳ ವಯಸ್ಸು ಕೇಳಿದೆ.

"ಇಪ್ಪತ್ತೊಂಬತ್ತು," ಎಂದರು, ದನಿ ತಗ್ಗಿಸಿ.