ಹೊಸ ರಿವಾಲ್ವರಿಗೆ ಅರ ಏಕೆ ಬೇಕು? ಕರಿಮದ್ದಿನ ರೆಪ್ಲಿಕಾಗಳ ಹಿಂದಿನ ಕಥೆ

ಕರಿಮದ್ದಿನ, ಅಂದರೆ ಹಳೆಯ ಕಾಲದ ಹೊಗೆಯುಗುಳುವ ಮದ್ದಿನ ರಿವಾಲ್ವರಿನ ರೆಪ್ಲಿಕಾ (ಹಳೆಯ ಮಾದರಿಯ ಹೊಸ ನಕಲು) ಕೊಂಡವರಿಗೆ ಪೆಟ್ಟಿಗೆ ಬಿಚ್ಚಿದ ದಿನವೇ ಒಂದು ವಿಷಯ ಗೊತ್ತಾಗುತ್ತದೆ. ಕೋವಿ ಹೊಸದು, ಹೊಳೆಯುತ್ತಿದೆ, ಆದರೆ ಅದರ ಕೆಲಸ ಇನ್ನೂ ಮುಗಿದಿಲ್ಲ. ಹ್ಯಾಮರ್ ಎಳೆದರೆ ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಗರಗರ ಅನ್ನುತ್ತದೆ. ನಳಿಕೆಯನ್ನು ಹಿಡಿದಿಡುವ ಬೆಣೆ ಒಂದೋ ಬಡಿದರೂ ಜಗ್ಗುವುದಿಲ್ಲ, ಇಲ್ಲವೇ ಬೆರಳು ತಾಗಿದರೆ ಸಾಕು, ಸರಿದುಬಿಡುತ್ತದೆ. ಹಾಗಾಗಿ ಅರ, ಉಪ್ಪುಕಾಗದ, ಎಣ್ಣೆ ಹರವಿಕೊಂಡು ಕೂರುವುದೇ ಈ ಹವ್ಯಾಸದ ಮೊದಲ ಪಾಠ. ಕಾರ್ಖಾನೆಯವರ ಅಸಡ್ಡೆ ಅಂತ ಬೈದು ಸುಮ್ಮನಾಗಬಹುದು. ಆದರೆ ಇದರ ಬೇರು ತುಂಬಾ ಹಳೆಯದು.

1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟ್ ಪಡೆದ. ಹ್ಯಾಮರ್ ಎಳೆದರೆ ಗುಂಡಿನ ಕೋಣೆಗಳಿರುವ ಸಿಲಿಂಡರ್ ತಾನೇ ತಿರುಗಿ, ಮುಂದಿನ ಕೋಣೆ ನಳಿಕೆಯ ನೇರಕ್ಕೆ ಬಂದು ಬಿಗಿಯಾಗಿ ನಿಲ್ಲಬೇಕು. ಅದೇ ಅದರ ಜೀವಾಳ. ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಶುರುವಾದ ಮೊದಲ ಕಾರ್ಖಾನೆ 1842ರಲ್ಲಿ ಮುಚ್ಚಿಹೋಯಿತು. 1847ರ ವಾಕರ್ ಮಾದರಿ ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. ಅದು ಎರಡು ಕಿಲೋಗೂ ಜಾಸ್ತಿ ತೂಗುವ ಭಾರೀ ಆಯುಧ. ಆಮೇಲೆ ಹಾರ್ಟ್‌ಫರ್ಡ್‌ನಲ್ಲಿ 1851ರ ನೇವಿ, 1860ರ ಆರ್ಮಿ ಬಂದವು. ಇವತ್ತು ರೆಪ್ಲಿಕಾ ಮಾಡುವವರು ಜಾಸ್ತಿ ಮಾಡುವ ಮಾದರಿಗಳಲ್ಲಿ ಇವೂ ಸೇರಿವೆ.

ಈ ಕೋಲ್ಟ್‌ಗಳಲ್ಲಿ ಸಿಲಿಂಡರಿನ ಮೇಲೆ ಪಟ್ಟಿ ಇರುವುದಿಲ್ಲ. ಚೌಕಟ್ಟಿನಿಂದ ಮುಂದಕ್ಕೆ ಒಂದು ದಪ್ಪ ಅಚ್ಚು ಚಾಚಿಕೊಂಡಿರುತ್ತದೆ. ಸಿಲಿಂಡರ್ ಅದರ ಮೇಲೆ ತಿರುಗುತ್ತದೆ, ನಳಿಕೆ ಅದರ ತುದಿಗೆ ಕೂರುತ್ತದೆ, ನಳಿಕೆ ಮತ್ತು ಅಚ್ಚು ಎರಡನ್ನೂ ತೂರಿಕೊಂಡು ಅಡ್ಡಲಾಗಿ ಒಂದು ಚಿಕ್ಕ ಉಕ್ಕಿನ ಬೆಣೆ ಹೋಗುತ್ತದೆ. ಬಿಗಿತವೆಲ್ಲ ನಿಂತಿರುವುದು ಆ ಬೆಣೆಯ ಮೇಲೆ. ಕೋಲ್ಟ್‌ನ ಪ್ರತಿಸ್ಪರ್ಧಿ ಕಂಪನಿ ರೆಮಿಂಗ್ಟನ್‌ನವರು ಚೌಕಟ್ಟಿಗೆ ಮೇಲೊಂದು ಪಟ್ಟಿ ಕೊಟ್ಟು ಸುತ್ತಲೂ ಮುಚ್ಚಿದರು. ಗಟ್ಟಿತನದಲ್ಲಿ ಅದೇ ಮೇಲು, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೂ ಬಿಚ್ಚಿ ಜೋಡಿಸುವ ಖುಷಿ ಕೋಲ್ಟ್‌ನಲ್ಲೇ ಜಾಸ್ತಿ.

ಕೋಲ್ಟ್ ತನ್ನ ಯಂತ್ರಗಳ ಬಗ್ಗೆ ಬಹಳ ಹೆಮ್ಮೆಯಿಂದ ಮಾತಾಡುತ್ತಿದ್ದ. ಭಾಗಗಳನ್ನೆಲ್ಲ ಯಂತ್ರವೇ ಕಡಿಯುತ್ತದೆ, ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ ಎಂಬ ಹೆಸರು ಅವನ ಕಾರ್ಖಾನೆಗಿತ್ತು. ನಿಜದಲ್ಲಿ ಲೋಹ ಇನ್ನೂ ಮೆದುವಾಗಿರುವಾಗ ಕುಶಲಿಗರು ಅರ ಹಿಡಿದು ಒಂದೊಂದು ಭಾಗವನ್ನೂ ಕೂರಿಸುತ್ತಿದ್ದರು, ಮುಖ್ಯ ಭಾಗಗಳಿಗೆಲ್ಲ ಒಂದೇ ಸಂಖ್ಯೆ ಒತ್ತುತ್ತಿದ್ದರು, ಮತ್ತೆ ಬಿಚ್ಚಿ ಗಟ್ಟಿಮಾಡಿ, ಆ ಸಂಖ್ಯೆ ನೋಡಿಕೊಂಡು ಅದದೇ ಭಾಗಗಳನ್ನು ಜೋಡಿಸುತ್ತಿದ್ದರು. ಹಳೆಯ ಅಸಲಿ ಕೋಲ್ಟ್‌ನ ಬೆಣೆಯ ಮೇಲೂ ಸಂಖ್ಯೆ ಇರುವುದು ಅದಕ್ಕೇ. ಎರಡು ಬೆರಳಲ್ಲಿ ಹಿಡಿಯುವಷ್ಟು ಚಿಕ್ಕ ತುಂಡು, ಆದರೆ ಅದು ಆ ಒಂದೇ ಕೋವಿಯದು. ಕೈಯಿಂದ ಕೂರಿಸದಿದ್ದರೆ ಈ ವಿನ್ಯಾಸ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದು ಆಗಲೇ ಗೊತ್ತಿತ್ತು.

ಈ ಕೋಲ್ಟ್‌ಗಳೆಲ್ಲ ಕೇಪಿನವು, ಅಂದರೆ ಹ್ಯಾಮರ್ ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೋಪಿಯಿಂದ ಮದ್ದಿಗೆ ಬೆಂಕಿ ತಾಗುವಂಥವು. ಕೇಪಿನ ರಿವಾಲ್ವರ್ ಅಷ್ಟು ವರ್ಷ ಉಳಿದದ್ದಕ್ಕೂ ಒಂದು ಕಾರಣ ಪೇಟೆಂಟೇ. ಹಿಂದಿನಿಂದ ತೋಟೆ (ಮದ್ದು, ಗುಂಡು ಎಲ್ಲ ಒಂದೇ ಕವಚದಲ್ಲಿರುವುದು) ತುಂಬಲು ಸಿಲಿಂಡರಿನ ಕೋಣೆಗಳು ಈ ತುದಿಯಿಂದ ಆ ತುದಿಗೆ ತೆರೆದಿರಬೇಕು. ಆ ಹಕ್ಕು 1855ರಿಂದ ರಾಲಿನ್ ವೈಟ್ ಎಂಬವನ ಹೆಸರಲ್ಲಿತ್ತು, ಅದನ್ನು ಬಳಸುವ ಅನುಮತಿ ಸ್ಮಿತ್ ಅಂಡ್ ವೆಸ್ಸನ್ ಕೈಯಲ್ಲಿತ್ತು. 1869ರವರೆಗೆ ಕೋಲ್ಟ್ ಆ ದಾರಿ ಹಿಡಿಯುವ ಹಾಗಿರಲಿಲ್ಲ. ಹಾಗಾಗಿ 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರ ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಮದ್ದು, ಸೀಸದ ಗುಂಡು, ಕೇಪು ಬೇರೆಬೇರೆಯಾಗಿ ತುಂಬುವ ರಿವಾಲ್ವರೇ.

ದಕ್ಷಿಣದ ಪಾಳಯಕ್ಕೆ ಕಬ್ಬಿಣ, ಉಕ್ಕು ಎರಡಕ್ಕೂ ಬರ. ಜಾರ್ಜಿಯಾದಲ್ಲಿ ಗ್ರಿಸ್‌ವೋಲ್ಡ್ ಅಂಡ್ ಗನಿಸನ್ ಎಂಬ ಕಾರ್ಖಾನೆ 1862ರಿಂದ ಕೋಲ್ಟ್ ನೇವಿಯನ್ನೇ ನೋಡಿಕೊಂಡು ಹಿತ್ತಾಳೆ ಚೌಕಟ್ಟಿನ ರಿವಾಲ್ವರ್ ಮಾಡಿತು. ಸುಮಾರು 3,700 ಮಾಡುವಷ್ಟರಲ್ಲಿ, 1864ರ ನವೆಂಬರಿನಲ್ಲಿ ಉತ್ತರದ ಸೇನೆ ಆ ಕಾರ್ಖಾನೆಯನ್ನು ಸುಟ್ಟುಹಾಕಿತು. ಹಿತ್ತಾಳೆಯ ರೆಪ್ಲಿಕಾ ಕಂಡರೆ ಮೂಗು ಮುರಿಯುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ಆ ನಕಲು ಯುದ್ಧದ ಕಾಲದ್ದೇ.

1873ರಲ್ಲಿ ಕೋಲ್ಟ್‌ನ ತೋಟೆ ರಿವಾಲ್ವರ್ ಬಂದ ಮೇಲೆ ಕೇಪಿನದು ಮೂಲೆ ಸೇರಿತು. ಮತ್ತೆ ಹೊರಗೆ ಬಂದದ್ದು 1950ರ ದಶಕದಲ್ಲಿ. ಅಂತರ್ಯುದ್ಧದ ಕೋವಿಗಳಿಂದ ಗುರಿ ಹೊಡೆಯುವ ಪಂದ್ಯ ನಡೆಸಲು ಅಮೆರಿಕದಲ್ಲಿ 1950ರಲ್ಲಿ ನಾರ್ತ್ ಸೌತ್ ಸ್ಕರ್ಮಿಶ್ ಅಸೋಸಿಯೇಷನ್ ಶುರುವಾಯಿತು. ಯುದ್ಧದ ಶತಮಾನೋತ್ಸವವೂ ಹತ್ತಿರ ಬರುತ್ತಿತ್ತು. ಆದರೆ ನೂರು ವರ್ಷದ ಅಸಲಿ ರಿವಾಲ್ವರನ್ನು ವಾರವಾರ ಸಿಡಿಸಲು ಯಾರಿಗೆ ಮನಸ್ಸು ಬಂದೀತು, ಅಲ್ವಾ? ಆಗ ವಾಲ್ ಫೋರ್ಜೆಟ್ ಎಂಬ ಅಮೆರಿಕದ ವ್ಯಾಪಾರಿ ಇಟಲಿಗೆ ಹೋಗಿ ಹೊಸದಾಗಿ ಮಾಡಿಸಲು ಹೊರಟರು. ಅವರ ಕಂಪನಿಗೆ ನೇವಿ ಆರ್ಮ್ಸ್ ಎಂಬ ಹೆಸರು ಬಂದದ್ದೂ 1851ರ ಆ ಮಾದರಿಯಿಂದಲೇ.

ಅವರು ಹೋದದ್ದು ಬ್ರೆಷಾ ಸಮೀಪದ ಟ್ರೊಂಪಿಯಾ ಕಣಿವೆಯ ಗಾರ್ಡೋನೆಗೆ. ಅಲ್ಲಿ ಕೋವಿ ಮಾಡುವುದು ತಲೆತಲಾಂತರದ ಕಸುಬು. ಬೆರೆಟ್ಟಾ ಮನೆತನ ವೆನಿಸ್‌ಗೆ ನಳಿಕೆ ಮಾರಿದ ದಾಖಲೆ 1526ರದ್ದು. ಅಲ್ಡೊ ಉಬೆರ್ಟಿ 1959ರಲ್ಲಿ ತನ್ನ ಕಾರ್ಖಾನೆ ತೆರೆದ. ಆಮೇಲೆ ಪಿಯೆಟ್ಟಾ ಎಂಬ ಇನ್ನೊಂದು ರೆಪ್ಲಿಕಾ ಕಾರ್ಖಾನೆ ಬಂತು. ಇವತ್ತಿಗೂ ಅಲ್ಲಿನ ನಳಿಕೆಗಳ ಮೇಲೆ ಪರೀಕ್ಷಾ ಮುದ್ರೆ ಇರುತ್ತದೆ. 'ಪಿಎನ್' ಎಂದರೆ ಪೋಲ್ವೆರೆ ನೇರಾ, ಅಂದರೆ ಕರಿಮದ್ದು. ಪಕ್ಕದಲ್ಲಿ ಚೌಕದೊಳಗೆ ವರ್ಷದ ಗುರುತು. 'ಎಎ' ಇದ್ದರೆ ಅದು 1975ರದ್ದು. ಹಳೆಯ ರೆಪ್ಲಿಕಾ ಕೈಗೆ ಬಂದರೆ ಬಲ್ಲವರು ಮೊದಲು ನೋಡುವುದೇ ಅದನ್ನು.

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಈ ಹವ್ಯಾಸದ ದಿಕ್ಕನ್ನೇ ತಿರುಗಿಸಿತು. ಕೈಬಂದೂಕುಗಳನ್ನು ಅಂಚೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಜನರಿಗೆ ನೇರವಾಗಿ ಮಾರುವುದನ್ನು ಅದು ನಿಲ್ಲಿಸಿತು. ಆದರೆ 1898 ಮತ್ತು ಅದಕ್ಕೂ ಹಿಂದಿನ ಕೋವಿಗಳನ್ನೂ, ತೋಟೆ ಬಳಸದ ಅವುಗಳ ನಕಲುಗಳನ್ನೂ ಪ್ರಾಚೀನ ಅಂತ ಪರಿಗಣಿಸಿ ಹೊರಗಿಟ್ಟಿತು. ರಾಜ್ಯಗಳ ಕಾನೂನು ಬೇರೆಬೇರೆ ಇವೆ, ಬೇರೆ ದೇಶಗಳದ್ದಂತೂ ಪೂರ್ತಿ ಬೇರೆ. ಆದರೂ ಅಮೆರಿಕದಲ್ಲಿ ಬಾಗಿಲು ತೆರೆದೇ ಉಳಿಯಿತು. 1970ರ ದಶಕದಲ್ಲಿ ಮನೆಯಲ್ಲೇ ಕೂರಿಸಿಕೊಳ್ಳುವ ಕಿಟ್‌ಗಳು ಜೋರಾಗಿ ಮಾರಾಟವಾದವು. 1971ರಲ್ಲಿ ಕೋಲ್ಟ್ ಕಂಪನಿಯೇ ಇಟಲಿಯಿಂದ ಒರಟು ಭಾಗಗಳನ್ನು ತರಿಸಿ ತನ್ನ ನೇವಿಯನ್ನು ಮತ್ತೆ ಮಾರತೊಡಗಿತು.

ಕಿಟ್ ಬಿಚ್ಚಿದರೆ ಸಿಗುತ್ತಿದ್ದದ್ದು ಎರಕದ ಗೆರೆ ಎದ್ದು ಕಾಣುವ ಒರಟು ಹಿತ್ತಾಳೆ, ಬಣ್ಣ ಏರದ ನಳಿಕೆ, ಬೇಕಾದ್ದಕ್ಕಿಂತ ದಪ್ಪನೆಯ ಮರದ ಹಿಡಿ. ಮರವನ್ನೂ ಹಿತ್ತಾಳೆಯನ್ನೂ ಬೇರೆಬೇರೆ ಉಜ್ಜಿದರೆ ಕೆಟ್ಟಿತು. ಎರಡನ್ನೂ ಸ್ಕ್ರೂ ಹಾಕಿ ಬಿಗಿದು, ಒಟ್ಟಿಗೇ ಅರ ಆಡಿಸಬೇಕು. ಕಣ್ಣುಮುಚ್ಚಿ ಹೆಬ್ಬೆರಳು ಸವರಿದಾಗ ಮರ ಎಲ್ಲಿ ಮುಗಿಯಿತು, ಲೋಹ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಅಲ್ಲಿಗೆ ಬರಲು ಎಷ್ಟೋ ಸಂಜೆ ಬೇಕು. ಆ ಸಂಜೆಗಳಿಗಾಗಿಯೇ ಜನ ಕಿಟ್ ಕೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ.

ರಿಪೇರಿಯ ಕಥೆ ಸಿಡಿಸಲು ಶುರುಮಾಡಿದ ಮೇಲಿನದು. ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವ ಹೀರುತ್ತದೆ, ಅದೇ ದಿನ ಬಿಸಿನೀರಲ್ಲಿ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ಒಡೆದ ಕೇಪಿನ ಚೂರು ಹ್ಯಾಮರಿನ ಸಂದಿಗೆ ಬಿದ್ದು ಎಲ್ಲ ಕಚ್ಚಿಕೊಳ್ಳುತ್ತದೆ. ಜಾಸ್ತಿ ಮದ್ದು ತುಂಬುತ್ತ ಹೋದರೆ ಹಿತ್ತಾಳೆ ಚೌಕಟ್ಟು ಹಿಗ್ಗಿ, ಅಚ್ಚು ಸಡಿಲಾಗುತ್ತದೆ. ಹೊಗೆ ಬಾರದ ಈಗಿನ ಮದ್ದನ್ನಂತೂ ಇವಕ್ಕೆ ತುಂಬಲೇಬಾರದು. ಆ ಒತ್ತಡಕ್ಕೆ ಕೋವಿ ಕೈಯಲ್ಲೇ ಒಡೆಯಬಹುದು.

ಆದರೆ ಜಾಸ್ತಿ ಚರ್ಚೆ ನಡೆಯುವುದು ಮತ್ತೆ ಆ ಬೆಣೆಯ ಸುತ್ತಲೇ. ಅಸಲಿ ಕೋಲ್ಟ್‌ನಲ್ಲಿ ಅಚ್ಚಿನ ತುದಿ, ಅದು ಕೂರುವ ನಳಿಕೆಯ ಗುಳಿಯ ತಳಕ್ಕೆ ಗಟ್ಟಿಯಾಗಿ ತಾಗಿ ನಿಲ್ಲುತ್ತಿತ್ತು. ಎಷ್ಟೋ ರೆಪ್ಲಿಕಾಗಳಲ್ಲಿ ಅಚ್ಚು ಸ್ವಲ್ಪ ಗಿಡ್ಡ. ಆಗ ಬೆಣೆ ಒಳಗೆ ಹೋದಷ್ಟೂ ನಳಿಕೆ ಹಿಂದೆ ಸರಿದು ಸಿಲಿಂಡರಿಗೆ ಒತ್ತುತ್ತದೆ, ಸಡಿಲ ಬಿಟ್ಟರೆ ಎರಡರ ನಡುವಿನ ಸಂದಿ ದೊಡ್ಡದಾಗುತ್ತದೆ. ಪತ್ತೆ ಮಾಡುವುದು ಸುಲಭ. ಬೆಣೆ, ಸಿಲಿಂಡರ್ ಎರಡನ್ನೂ ತೆಗೆದಿಟ್ಟು, ನಳಿಕೆಯನ್ನು ಸ್ವಲ್ಪ ಓರೆ ಹಿಡಿದು, ಅಚ್ಚಿನ ಮೇಲೆ ಕೊನೆಯವರೆಗೆ ತಳ್ಳಿ ನೋಡುತ್ತಾರೆ. ನಳಿಕೆಯ ಬುಡ ಚೌಕಟ್ಟಿನ ಅಂಚನ್ನು ಎಷ್ಟು ದಾಟಿತೋ ಅಚ್ಚು ಅಷ್ಟು ಗಿಡ್ಡ. ಅಷ್ಟೇ ದಪ್ಪದ ಉಕ್ಕಿನ ಬಿಲ್ಲೆಯೊಂದನ್ನು ಅರದಿಂದ ಹದಮಾಡಿ ಗುಳಿಯೊಳಗೆ ಕೂರಿಸಿದರೆ, ಬೆಣೆ ಪ್ರತಿಸಲವೂ ಅದೇ ಜಾಗಕ್ಕೆ ಬಂದು ಟಕ್ ಅಂತ ನಿಲ್ಲುತ್ತದೆ.